ಕೋನೇರಿ ಪಂಡಿತನ ಮೂರು ಕುಡಿಕೆಗಳು

ಕರಿ ಮೊಟ್ಟೆ ಕೆಟ್ಟದ್ದು, ಬಿಳಿ ಮೊಟ್ಟೆ ಒಳ್ಳೆಯದು. ತೊರೆಸೀಮೆಯಲ್ಲಿ ಆಗ ಎಲ್ಲರೂ ನಂಬಿದ್ದು ಇದನ್ನೇ.

ಹತ್ತಿರ ಬಂದು ಕೂತುಕೊಳ್ಳಿ, ಹೇಳುತ್ತೇನೆ. ತೊರೆಸೀಮೆ ಅಂತ ಒಂದು ರಾಜ್ಯ. ಅದಕ್ಕೆ ಕೆಂಚರಸ ಅಂತ ಒಬ್ಬ ರಾಜ. ಎತ್ತ ತಿರುಗಿದರೂ ಕಬ್ಬಿನ ಗದ್ದೆ. ಊರೂರಿಗೂ ಆಲೆಮನೆ, ಬೆಲ್ಲ ಕಾಯುವ ವಾಸನೆ. ಕಬ್ಬು ಚೆನ್ನಾಗಿದ್ದರೆ ರಾಜ ಚೆನ್ನಾಗಿರುತ್ತಿದ್ದ. ಕಬ್ಬು ಕೆಟ್ಟರೆ ರಾಜನಿಗೆ ತಲೆನೋವು. ರಾಜನಿಗೆ ತಲೆನೋವು ಬಂದರೆ ಪಂಡಿತರಿಗೆ ಕರೆ.

ಆ ಕಬ್ಬಿಗೆ ಸುಳಿಹುಳದ ಕಾಟ. ಒಣಹುಲ್ಲಿನ ಬಣ್ಣದ ಒಂದು ಪತಂಗ ಕತ್ತಲಾಗುವ ಹೊತ್ತಿಗೆ ಬಂದು ಕಬ್ಬಿನ ಗರಿಯ ಅಡಿಗೆ ಮೊಟ್ಟೆ ಇಡುತ್ತದೆ. ಒಂದೊಂದು ಮೊಟ್ಟೆ ಗಸಗಸೆಯಷ್ಟು, ಸಾಲಾಗಿ, ಒತ್ತೊತ್ತಾಗಿ. ಅದರಿಂದ ಹುಳ ಬಂದು ಎಳೆ ಪೈರಿನ ಬುಡ ಕೊರೆದು ಒಳಗೆ ಸೇರಿಕೊಳ್ಳುತ್ತದೆ. ಸುಳಿ ಒಣಗುತ್ತದೆ. ಎಳೆದರೆ ಸಲೀಸಾಗಿ ಕೈಗೆ ಬರುತ್ತದೆ, ಮೂಗು ಮುಚ್ಚಿಕೊಳ್ಳುವಂಥ ವಾಸನೆ.

ಮೊಟ್ಟೆಗಳಲ್ಲಿ ಕೆಲವು ಬೆಳ್ಳಗಿರುತ್ತಿದ್ದವು, ಕೆಲವು ಕಪ್ಪಗಿರುತ್ತಿದ್ದವು. ಕಪ್ಪಗಿದ್ದದ್ದು ಶನಿಯದು, ಬೆಳ್ಳಗಿದ್ದದ್ದು ಲಕ್ಷ್ಮಿಯದು ಅಂತ ಹಳಬರು ಹೇಳುತ್ತಿದ್ದರು. ಬಿಳಿ ಮೊಟ್ಟೆ ಕಂಡರೆ ಕೈ ಮುಗಿದು ಮುಂದೆ ಹೋಗುತ್ತಿದ್ದರು. ಕರಿ ಮೊಟ್ಟೆ ಕಂಡರೆ ಗರಿ ಸಮೇತ ಕಿತ್ತು ಒಲೆಗೆ ಹಾಕುತ್ತಿದ್ದರು.

ಆಸ್ಥಾನದಲ್ಲಿ ಕೋನೇರಿ ಪಂಡಿತ ಅಂತ ಒಬ್ಬನಿದ್ದ. ದೂರದ ವಿದ್ಯಾಪೀಠದಲ್ಲಿ ಹನ್ನೆರಡು ವರ್ಷ ಓದಿ ಬಂದವನು. ಏನನ್ನೂ ನಂಬದವನು. ಹಲ್ಲಿ ಲೊಚಗುಟ್ಟಿದರೆ ನಗುತ್ತಿದ್ದ. ಬೆಕ್ಕು ಅಡ್ಡ ಬಂದರೆ ಬೇಕೆಂದೇ ದಾಟಿ ಹೋಗುತ್ತಿದ್ದ. ದೆವ್ವ ಇದೆ ಅಂದವರಿಗೆ "ಎಲ್ಲಿ, ತೋರಿಸು" ಅನ್ನುತ್ತಿದ್ದ. ಕಣ್ಣಾರೆ ಕಾಣದ್ದನ್ನು ಒಪ್ಪಬೇಡಿ ಅಂತ ದಿನಕ್ಕೆ ಮೂರು ಸಲವಾದರೂ ಯಾರಿಗಾದರೂ ಹೇಳದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ರಾಜ್ಯದಲ್ಲಿ ಅವನು ಅನುಮಾನಿಸದೆ ಬಿಟ್ಟವನು ಒಬ್ಬನೇ, ಕೋನೇರಿ ಪಂಡಿತ.

ಒಂದು ದಿನ ರಾಜ ಕರೆಸಿ ಕೇಳಿದ. "ಪಂಡಿತರೇ, ಶನಿ, ಲಕ್ಷ್ಮಿ ಅಂತೆಲ್ಲ ಜನ ಹೇಳುತ್ತಾರೆ. ನಿಮ್ಮ ಶಾಸ್ತ್ರ ಏನು ಹೇಳುತ್ತದೆ?"

"ಶನಿಯೂ ಇಲ್ಲ, ಲಕ್ಷ್ಮಿಯೂ ಇಲ್ಲ ಪ್ರಭು. ಜನರದು ಬರೀ ಮೌಢ್ಯ. ಬಿಳಿ ಮೊಟ್ಟೆ ಜೊಳ್ಳು, ಅದರಲ್ಲಿ ಏನೂ ಇಲ್ಲ. ಕರಿ ಮೊಟ್ಟೆ ಗಟ್ಟಿ. ಹುಳ ಬರುವುದು ಗಟ್ಟಿ ಮೊಟ್ಟೆಯಿಂದ."

"ಹಾಗಾದರೆ ಏನು ಮಾಡಬೇಕು?"

"ಕರಿಯದನ್ನು ಕಿತ್ತು ಸುಡಬೇಕು. ಬಿಳಿಯದನ್ನು ಬಿಡಬೇಕು."

ಹಳಬರು ಮಾಡುತ್ತಿದ್ದದ್ದೂ ಅದನ್ನೇ. ವ್ಯತ್ಯಾಸ ಇಷ್ಟೇ, ಪಂಡಿತ ಅದನ್ನು ಅರವತ್ತು ಓಲೆಗರಿಯಲ್ಲಿ ಬರೆದಿದ್ದ.

ಅವನು ನೋಡಿಯೇ ಇರಲಿಲ್ಲ ಅಂತಲ್ಲ. ಒಮ್ಮೆ ನೋಡಿದ್ದ. ಒಂದು ಮದುವೆಗೆ ಹೋಗುವಾಗ ದಾರಿಯಲ್ಲಿ ಗರಿಯೊಂದು ಮುರಿದು ಬಿದ್ದಿತ್ತು. ಅದರ ಮೇಲಿನ ಮೊಟ್ಟೆಯೊಂದರಲ್ಲಿ ಕಪ್ಪು ಚುಕ್ಕೆ ಕಂಡಿತು, ಮೊಟ್ಟೆ ಬಿರಿದು ಹುಳ ಹೊರಗೆ ಬಂತು. ಮೊಟ್ಟೆ ಬೆಳ್ಳಗೇ ಇತ್ತು. ಚುಕ್ಕೆ ಆ ಹುಳದ ತಲೆ. ಇನ್ನೊಂದು ಗಳಿಗೆ ಕೂತಿದ್ದರೆ ಅದೂ ಗೊತ್ತಾಗುತ್ತಿತ್ತು. ಆದರೆ ಪಂಕ್ತಿಗೆ ಎಲೆ ಹಾಕಿದ್ದರು. ಪಂಡಿತ ಉಂಡು ಮನೆಗೆ ಬಂದು, ಮೊಟ್ಟೆ ಕಪ್ಪು ಅಂತ ಬರೆದ.

ಮೊದಲ ವರ್ಷ ಡಂಗುರ ಸಾರಿದರು. ಸೋಮವಾರ ಸೋಮವಾರ ಜನ ಕರಿ ಮೊಟ್ಟೆಯ ಗರಿ ಕಿತ್ತು ತಂದು ಅರಮನೆ ಮುಂದೆ ಸುರಿದರು. ಪಂಡಿತ ಖುದ್ದಾಗಿ ಬೆಂಕಿ ಇಟ್ಟ. ಹುಳ ಎರಡರಷ್ಟಾಯಿತು. ಪಂಡಿತ ಹೇಳಿದ, "ಸುಟ್ಟದ್ದು ಸಾಲಲಿಲ್ಲ."

ಎರಡನೆಯ ವರ್ಷ ವಾರಕ್ಕೆ ಎರಡು ಸಲ ಸುಟ್ಟರು. ಹುಳ ನಾಲ್ಕರಷ್ಟಾಯಿತು. ಪಂಡಿತ ಹೇಳಿದ, "ಜನ ಬಚ್ಚಿಡುತ್ತಿದ್ದಾರೆ."

ಮೂರನೆಯ ವರ್ಷ ಹೊಸ ಕಟ್ಟಳೆ ಬಂತು. ಯಾರ ಗದ್ದೆಯಲ್ಲಿ ಕರಿ ಮೊಟ್ಟೆ ಸಿಗುತ್ತದೋ ಆ ಗದ್ದೆಗೆ ಬೆಂಕಿ, ನೆಲ ಅರಮನೆಗೆ. ಬರೆದವನು ಪಂಡಿತ. ಮುದ್ರೆ ಒತ್ತಿದವನು ರಾಜ. ಅಷ್ಟು ಹೊತ್ತಿಗೆ ರಾಜನ ತಲೆನೋವು ಕುತ್ತಿಗೆಗೂ ಇಳಿದಿತ್ತು.

ಹೀಗಿರುವಾಗ ತಳವಾರ ಜವರ ಒಂದು ಸುದ್ದಿ ತಂದ. ಜವರ ಐವತ್ತು ದಾಟಿದ ಆಳು, ಮಾತು ಕಡಿಮೆ, ಆಡಿದ್ದರಲ್ಲಿ ಅರ್ಧ ಕುಹಕ.

"ಅಯ್ನೋರೆ, ಹೊಂಬಾಳಮ್ಮ ಅಂತ ಒಬ್ಬಳವಳೆ, ತೊರೆ ಆಚೆ. ಅವಳ ಗದ್ದೇಲಿ ಗರಿ ಗರಿಗೂ ಕರಿ ಮೊಟ್ಟೆ."

"ಹಾಗಾದರೆ ಗದ್ದೆ ಪೂರ್ತಿ ಹೋಗಿರಬೇಕು."

"ಅದೇ ಕಣ್ರಯ್ಯ ತಮಾಷೆ. ಇಡೀ ಸೀಮೇಲಿ ಹಸಿರಾಗಿರೋದು ಅದೊಂದೇ."

ಪಂಡಿತ ಇದನ್ನು ನಂಬಲಿಲ್ಲ. ನಂಬದಿರುವುದು ಅವನಿಗೆ ಅಭ್ಯಾಸವಾಗಿಬಿಟ್ಟಿತ್ತು. ಪಲ್ಲಕ್ಕಿ ಹತ್ತಿ ಹೊರಟ. ಹಿಂದೆ ಒಣಗರಿಯ ಹೊರೆ ಹೊತ್ತ ಹತ್ತು ಆಳುಗಳು, ಕೊನೆಯಲ್ಲಿ ಜವರ.

ಗದ್ದೆ ಹಸಿರಾಗಿತ್ತು. ಮೂರು ತಿಂಗಳ ಪೈರು, ಮೊಣಕಾಲು ದಾಟಿ ನಿಂತಿತ್ತು. ಬದುವಿನ ಮೇಲೆ ಒಬ್ಬ ಹೆಂಗಸು ಕಾಲು ಚಾಚಿ ಕೂತಿದ್ದಳು. ನಲವತ್ತೈದರ ವಯಸ್ಸು, ಎಡಗಾಲು ಕೊಂಚ ಸೊಟ್ಟ.

"ಬನ್ನಿ ಅಯ್ನೋರೆ. ಬೆಂಕಿ ಹಚ್ಚೋದು ಇದ್ದೇ ಇದೆ. ಮೊದ್ಲು ಮಜ್ಜಿಗೆ ಕುಡೀರಿ. ಬಿಸಿಲಲ್ಲಿ ಬಂದಿದ್ದೀರಿ."

"ಕರಿ ಮೊಟ್ಟೆ ಯಾಕೆ ಕೀಳಲಿಲ್ಲ?"

"ಕಾಲು ಮುರ್ಕೊಂಡಿದ್ದೆ. ಹೋದ ವರ್ಷ ಆಲೆಮನೆ ಮೆಟ್ಲಲ್ಲಿ ಜಾರಿ ಬಿದ್ದೆ. ಕೀಳೋಕೆ ಆಗ್ಲಿಲ್ಲ. ಕಬ್ಬು ಚೆನ್ನಾಗಿ ಬಂತು. ಈ ವರ್ಷ ಕಾಲು ಸರಿಯಾಯ್ತು, ಆದ್ರೂ ಕೀಳ್ಲಿಲ್ಲ."

"ಬುದ್ಧಿವಂತೆ ಅಂತ ತಿಳಿದುಕೊಂಡಿದ್ದೀಯಾ?"

"ಬುದ್ಧಿ ಎಲ್ಲಿಂದ ಬರ್ಬೇಕು ಅಯ್ನೋರೆ, ಸೋಮಾರಿತನ. ಬಿದ್ಕೊಂಡಿದ್ದಾಗ ಬೇರೆ ಕೆಲ್ಸ ಇರ್ಲಿಲ್ಲ. ಗರಿ ತಿರುಗಿಸಿ ತಿರುಗಿಸಿ ನೋಡ್ತಿದ್ದೆ. ಕರಿ ಮೊಟ್ಟೇಲಿ ಹುಳ ಇಲ್ಲ."

ಹೊರೆ ಹೊತ್ತವರು ಹೊರೆ ಇಳಿಸಿದರು. ಪಂಡಿತನಿಗೆ ನಗು ಬಂತು. ಅರವತ್ತು ಓಲೆಗರಿಯ ಎದುರಿಗೆ ಒಂದು ಮುರಿದ ಕಾಲು.

"ಯಾರು ಹೇಳಿದರು?"

"ಯಾರೂ ಹೇಳ್ಲಿಲ್ಲ. ಕಂಡೆ. ನೀವೂ ಕಾಣಿ. ಕಣ್ಣಾರೆ ಕಾಣದ್ದನ್ನ ಒಪ್ಪಬೇಡಿ ಅಂತ ನಮ್ಮೂರ ಕಟ್ಟೆ ಮೇಲೆ ನಿಂತು ಹೇಳ್ದೋರು ನೀವೇ ಅಲ್ವಾ? ಹೋದ ಸುಗ್ಗೀಲಿ. ಜವರಣ್ಣನೂ ಇದ್ದ."

"ಇದ್ದೆ," ಅಂದ ಜವರ. "ಮೂರು ಸಲ ಹೇಳಿದ್ರು."

ಹತ್ತು ಆಳುಗಳೂ ಪಂಡಿತನ ಮುಖ ನೋಡಿದರು. ತನ್ನ ಮಾತು ತನ್ನ ಕೊರಳಿಗೇ ಬಂದರೆ ಏನು ಮಾಡಬೇಕು ಅನ್ನುವುದನ್ನು ವಿದ್ಯಾಪೀಠದಲ್ಲಿ ಹೇಳಿಕೊಟ್ಟಿರಲಿಲ್ಲ.

"ಸರಿ," ಅಂದ. "ಎಂಟು ದಿನ ಕೊಟ್ಟಿದ್ದೇನೆ. ಒಂಬತ್ತನೆಯ ದಿನ ಬೆಂಕಿ."

ಹೊಂಬಾಳಮ್ಮ ಗದ್ದೆ ಪಕ್ಕದ ತನ್ನ ಗುಡಿಸಲಿನಿಂದ ಮೂರು ಕುಡಿಕೆ ತಂದಳು. ಉಪ್ಪಿನಕಾಯಿ ಹಾಕುವಂಥ ಸಣ್ಣ ಮಣ್ಣಿನ ಕುಡಿಕೆಗಳು. ಮೊದಲನೆಯದರಲ್ಲಿ ತನ್ನ ಗದ್ದೆಯ ಕರಿ ಮೊಟ್ಟೆಯ ಗರಿ ಇಟ್ಟು, ಬಾಯಿಗೆ ತೆಳ್ಳನೆ ಬಟ್ಟೆ ಬಿಗಿದು, ಕರಿ ನೂಲು ಸುತ್ತಿದಳು. ಎರಡನೆಯದಕ್ಕೆ ಬಿಳಿ ಮೊಟ್ಟೆಯ ಗರಿಯನ್ನು ಪಂಡಿತನ ಸ್ವಂತ ಗದ್ದೆಯಿಂದಲೇ ತರಿಸಿದಳು. ಅಲ್ಲಿ ಬಿಳಿ ಮೊಟ್ಟೆಗೆ ಬರವಿರಲಿಲ್ಲ. ಜೊತೆಗೆ ಒಂದು ಚೂರು ಎಳೆ ಕಬ್ಬು ಹಾಕಿ ಬಿಳಿ ನೂಲು ಸುತ್ತಿದಳು.

"ಮೂರನೆಯದಕ್ಕೆ?" ಅಂತ ಪಂಡಿತ ಕೇಳಿದ.

"ನಿಮ್ಮ ಗ್ರಂಥದ್ದು ಒಂದು ಗರಿ ಕೊಡಿ."

"ಅದು ಯಾಕೆ?"

"ಅದ್ರಿಂದ ಏನು ಹುಟ್ಟುತ್ತೆ ಅಂತಾನೂ ನೋಡಿಬಿಡೋಣ."

ಜವರ ಕೆಮ್ಮಿದ. ಪಂಡಿತ ಪಲ್ಲಕ್ಕಿಯಲ್ಲಿದ್ದ ಗ್ರಂಥದ ಕಟ್ಟಿನಿಂದ ಒಂದು ಓಲೆಗರಿ ಕೊಟ್ಟ. ಅದನ್ನಿಟ್ಟ ಕುಡಿಕೆಗೆ ಕೆಂಪು ನೂಲು ಬಿತ್ತು.

"ಮೂರೂ ನಿಮ್ಮನೇಲೇ ಇರ್ಲಿ," ಅಂದಳು ಹೊಂಬಾಳಮ್ಮ. "ನನ್ನ ಹತ್ರ ಇದ್ರೆ ಮಾಟ ಮಾಡಿದಳು ಅಂತೀರಿ."

"ನಾನು ಮಾಟ ನಂಬುವುದಿಲ್ಲ."

"ಇರ್ಲಿ ಅಯ್ನೋರೆ. ಒಂಬತ್ತನೇ ದಿನದ ಮಾತು ಯಾರು ಕಂಡೋರು."

ಪಂಡಿತ ಮೂರು ಕುಡಿಕೆಯನ್ನೂ ತನ್ನ ಓದುವ ಕೋಣೆಯ ಕಿಟಕಿಯಲ್ಲಿ ಸಾಲಾಗಿ ಇಟ್ಟುಕೊಂಡ.

ಎರಡನೆಯ ದಿನ ನೋಡಿದ. ಏನೂ ಇಲ್ಲ. ಆಯಿತು ಅಂದುಕೊಂಡ.

ನಾಲ್ಕನೆಯ ದಿನ ನೋಡಿದ. ಬಿಳಿ ನೂಲಿನ ಕುಡಿಕೆಯಲ್ಲಿ ಹುಳ. ಕೂದಲೆಳೆಯಷ್ಟು ಸಣ್ಣವು, ಕಪ್ಪು ತಲೆಯವು, ಕಬ್ಬಿನ ಚೂರಿಗೆ ಮುತ್ತಿಕೊಂಡಿದ್ದವು. ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದ. ಹುಳವೇ.

ಏಳನೆಯ ದಿನ ನೋಡಿದ. ಕರಿ ನೂಲಿನ ಕುಡಿಕೆಯ ಬಟ್ಟೆಗೆ ಒಳಗಿನಿಂದ ದೂಳು ಅಂಟಿತ್ತು. ಕಿಟಕಿಯ ಬೆಳಕಿನ ಕಡೆಗೇ ಅಂಟಿತ್ತು. ಒರೆಸೋಣ ಅಂತ ಬೆರಳು ಇಟ್ಟ. ದೂಳು ನಡೆಯಿತು. ಬಗ್ಗಿ ನೋಡಿದರೆ ಪ್ರತಿಯೊಂದಕ್ಕೂ ರೆಕ್ಕೆ, ಕಾಲು, ಮೀಸೆ. ಕಡಜ. ಅಷ್ಟು ಸಣ್ಣ ಕಡಜವನ್ನು ಅವನು ಕಂಡಿರಲಿಲ್ಲ. ಒಂದು ಸಾಸಿವೆ ಕಾಳಿನ ಮೇಲೆ ಮೂರು ಕೂರಬಹುದಿತ್ತು.

ಬೇರೆ ಕಥೆಯಾಗಿದ್ದರೆ ಈ ಹೊತ್ತಿಗೆ ಕಡಜ ಬಾಯಿ ಬಿಟ್ಟು, "ಎಲೈ ಪಂಡಿತನೆ, ನಾವು ಹುಳದ ಮೊಟ್ಟೆಯೊಳಗೆ ನಮ್ಮ ಮೊಟ್ಟೆ ಇಡುವವರು. ನಮ್ಮ ಮರಿ ಒಳಗಿದ್ದದ್ದನ್ನೆಲ್ಲ ತಿಂದು ಬೆಳೆಯುತ್ತದೆ. ಆಗ ಮೊಟ್ಟೆ ಕಪ್ಪಾಗುತ್ತದೆ. ಮೂರು ವರ್ಷ ನೀನು ಸುಟ್ಟದ್ದು ನಮ್ಮನ್ನು" ಅನ್ನುತ್ತಿತ್ತು. ಈ ಕಡಜ ಏನೂ ಹೇಳಲಿಲ್ಲ. ಅದಕ್ಕೇ ಪಂಡಿತ ಅದನ್ನೆಲ್ಲ ತಾನೇ ಯೋಚಿಸಬೇಕಾಯಿತು. ಕಷ್ಟವಾಯಿತು, ಅಭ್ಯಾಸವಿರಲಿಲ್ಲ.

ಅವನು ದಡ್ಡನಲ್ಲ. ಒಂದು ಗಳಿಗೆಯಲ್ಲಿ ಎಲ್ಲ ಹೊಳೆಯಿತು. ಎರಡರಷ್ಟಾದದ್ದು ಯಾಕೆ, ನಾಲ್ಕರಷ್ಟಾದದ್ದು ಯಾಕೆ, ತೊರೆಯಾಚೆಯ ಒಂದೇ ಗದ್ದೆ ಹಸಿರಾಗಿರುವುದು ಯಾಕೆ. ಆಮೇಲೆ ತನ್ನ ಜರಿ ರುಮಾಲು ನೆನಪಾಯಿತು. ಪಲ್ಲಕ್ಕಿ ನೆನಪಾಯಿತು. ಅರವತ್ತು ಓಲೆಗರಿ ನೆನಪಾಯಿತು.

ಕೂತು ಯೋಚಿಸಿದ. ಒಂದೇ ಕುಡಿಕೆ, ಅದು ಯಾವ ಪ್ರಮಾಣ? ಇಷ್ಟು ದುರ್ಬಲ ಆಧಾರದ ಮೇಲೆ ರಾಜನ ಮನಸ್ಸು ಕೆಡಿಸುವುದು ವಿದ್ವಾಂಸನ ಲಕ್ಷಣವೇ? ಇನ್ನೂ ನೂರು ಕುಡಿಕೆ ಇಟ್ಟು, ಇನ್ನೂ ಹತ್ತು ವರ್ಷ ನೋಡಿ, ಆಮೇಲಲ್ಲವೇ ಬಾಯಿ ಬಿಡಬೇಕು? ಅಲ್ಲಿಯವರೆಗೆ ಹಳೆಯ ಸಿದ್ಧಾಂತಕ್ಕೆ ಧಕ್ಕೆ ಬಾರದಂತೆ ನೋಡಿಕೊಳ್ಳುವುದು ತನ್ನ ಕರ್ತವ್ಯ. ಹೀಗೆ ಬಹಳ ಗಂಭೀರವಾಗಿ ಯೋಚಿಸಿ, ಕರಿ ನೂಲು ಬಿಚ್ಚಿ ಬಿಳಿ ನೂಲಿದ್ದ ಕುಡಿಕೆಗೆ ಕಟ್ಟಿದ. ಬಿಳಿ ನೂಲು ಬಿಚ್ಚಿ ಕರಿ ನೂಲಿದ್ದ ಕುಡಿಕೆಗೆ ಕಟ್ಟಿದ. ಬಟ್ಟೆ ಅಲುಗದಂತೆ, ಒಂದು ಕಡಜವೂ ತಪ್ಪಿಸಿಕೊಳ್ಳದಂತೆ, ಅಚ್ಚುಕಟ್ಟಾಗಿ. ಹನ್ನೆರಡು ವರ್ಷದ ವಿದ್ಯಾಭ್ಯಾಸ ಅವನ ಕೈಕೆಲಸಕ್ಕೆ ಬಂದದ್ದು ಅದೊಂದೇ ಸಲ.

ಒಂಬತ್ತನೆಯ ದಿನ ಆಸ್ಥಾನ ಸೇರಿತು. ಹೊಂಬಾಳಮ್ಮ ಕುಂಟುತ್ತಾ ಬಂದು ಕಂಬದ ಪಕ್ಕ ನಿಂತಳು. ಅತ್ತ ತೊರೆಯಾಚೆ ಅವಳ ಗದ್ದೆಯ ಬದುವಿನಲ್ಲಿ ಒಣಗರಿಯ ಹೊರೆಗಳು ಹಾಗೇ ಇದ್ದವು. ಅಪ್ಪಣೆ ಹೊರಟರೆ ಸಂಜೆಗೆ ಬೂದಿ. ಅವಳಿಗೆ ಇದ್ದ ನೆಲ ಅದೊಂದೇ.

ಪಂಡಿತ ಕರಿ ನೂಲಿನ ಕುಡಿಕೆ ಬಿಚ್ಚಿ ತೋರಿಸಿದ. "ನೋಡಬೇಕು ಪ್ರಭು. ಕರಿ ಮೊಟ್ಟೆಯಿಂದ ಹುಳ." ಬಿಳಿ ನೂಲಿನ ಕುಡಿಕೆ ತೋರಿಸಿದ. "ಬಿಳಿ ಮೊಟ್ಟೆಯಿಂದ ಬರೀ ದೂಳು. ಜೊಳ್ಳು ಅಂತ ಮೊದಲೇ ಅರಿಕೆ ಮಾಡಿದ್ದೆ."

ರಾಜ ಹಣೆ ಒತ್ತಿಕೊಂಡ. "ಏನಮ್ಮ, ಏನು ಹೇಳುತ್ತೀಯೆ?"

ಹೊಂಬಾಳಮ್ಮ ಎರಡು ಕುಡಿಕೆಯನ್ನೂ ನೋಡಿದಳು. ಪಂಡಿತನನ್ನೂ ನೋಡಿದಳು. "ಅಯ್ನೋರು ಹೇಳಿದ್ದು ನಾನೂ ಕಂಡೆ ಬುದ್ಧಿ. ಒಂದೇ ಕೇಳ್ಕೊಳ್ಳೋದು. ಎರಡರೊಳಗಿರೋ ಗರಿ ತೆಗೆಸಿ ನೋಡಿ."

"ಗರಿ ಯಾಕೆ?" ಅಂದ ಪಂಡಿತ.

"ಮೊಟ್ಟೆ ಅದ್ರ ಮೇಲೇ ಅಲ್ವಾ ಇದ್ದದ್ದು."

ಜವರ ಎರಡು ಗರಿಯನ್ನೂ ತೆಗೆದು ತಟ್ಟೆಯಲ್ಲಿಟ್ಟು ರಾಜನ ಮುಂದೆ ಹಿಡಿದ. ಹುಳವಿದ್ದ ಕುಡಿಕೆಯ ಗರಿಯ ಮೇಲೆ ಮೊಟ್ಟೆಯ ಸಿಪ್ಪೆ ಈರುಳ್ಳಿ ಪೊರೆಯ ಹಾಗೆ ಬೆಳ್ಳಗೆ, ಬಿರಿದು ನಿಂತಿತ್ತು. ಕಡಜವಿದ್ದ ಕುಡಿಕೆಯ ಗರಿಯ ಮೇಲೆ ಮೊಟ್ಟೆಗಳು ಕಪ್ಪಗೇ ಇದ್ದವು. ಒಳಗಿದ್ದದ್ದು ಹೋದ ಮೇಲೂ ಕಪ್ಪು ಹೋಗಿರಲಿಲ್ಲ. ಒಂದೊಂದರಲ್ಲೂ ಸೂಜಿ ಮೊನೆಯಿಂದ ಚುಚ್ಚಿದಂಥ ದುಂಡನೆಯ ತೂತು.

ಪಂಡಿತ ಅದನ್ನು ನೋಡಿದ. ನೂಲು ಬದಲಿಸುವಾಗ ಒಂದು ಗಳಿಗೆ ಗರಿಯ ಕಡೆ ಕಣ್ಣು ಹಾಯಿಸಿದ್ದರೆ ಸಾಕಿತ್ತು. ಕಳ್ಳತನ ಮಾಡುವಾಗಲೂ ಅವನಿಗೆ ಗರಿ ತಿರುಗಿಸಿ ನೋಡಬೇಕು ಅನ್ನಿಸಿರಲಿಲ್ಲ.

"ಪಂಡಿತರೇ," ಅಂದ ರಾಜ, "ಬಿಳಿ ನೂಲಿನ ಕುಡಿಕೆಗೆ ಕರಿ ಮೊಟ್ಟೆ ಹೇಗೆ ಬಂತು?"

"ಗಾಳಿ ತಾಗಿ ಕಪ್ಪಾಗಿರಬಹುದು ಪ್ರಭು."

"ಅದೇ ಗಾಳಿ ಕರಿ ನೂಲಿನ ಕುಡಿಕೆಯ ಮೊಟ್ಟೆಯನ್ನು ಬೆಳ್ಳಗೆ ಮಾಡಿತೇ?"

ಪಂಡಿತ ಕಂಬದ ಕಡೆ ಬೆರಳು ತೋರಿಸಿದ. "ಈ ಹೆಂಗಸು ಮಾಟ ಮಾಡಿರಬೇಕು."

ಆಸ್ಥಾನದಲ್ಲಿ ಯಾರೋ ನಕ್ಕರು. ಹೊಂಬಾಳಮ್ಮ ಜವರನ ಕಡೆ ತಿರುಗಿ, "ನಾ ಹೇಳಿರ್ಲಿಲ್ವಾ ಜವರಣ್ಣ," ಅಂದಳು, ಮೆತ್ತಗೆ.

ರಾಜ ಮೂರನೆಯ ಸಲ ಕೇಳಲಿಲ್ಲ. ಸುಮ್ಮನೆ ನೋಡುತ್ತಾ ಕೂತ. ಅದು ಕೇಳಿದ್ದಕ್ಕಿಂತ ಕಷ್ಟವಾಗಿತ್ತು.

"ನೂಲು ಬದಲಿಸಿದವನು ನಾನು," ಅಂದ ಕೋನೇರಿ ಪಂಡಿತ.

ಕೆಂಪು ನೂಲಿನ ಕುಡಿಕೆ ಹಾಗೇ ಉಳಿದಿತ್ತು. ಅದನ್ನೂ ಬಿಚ್ಚಿ ಅಂದ ರಾಜ. ಜವರ ಬಿಚ್ಚಿ, ಬೋರಲು ಹಾಕಿ, ತಳ ತಟ್ಟಿದ. ಒಂದು ಓಲೆಗರಿ ಬಿತ್ತು.

"ಏನು ಹುಟ್ಟಿದೆ?"

"ಏನೂ ಇಲ್ಲ ಬುದ್ಧಿ. ಇಟ್ಟದ್ದು ಇಟ್ಟ ಹಾಗೇ ಐತೆ."

ಕಟ್ಟಳೆಯ ಓಲೆಯನ್ನು ರಾಜ ಅಲ್ಲೇ ಹರಿದ. ತೊರೆಯಾಚೆಯ ಒಣಗರಿ ಹೊರೆಗಳು ಹೊಂಬಾಳಮ್ಮನ ಹಸುವಿಗೆ ಹಾಸಲು ಆದವು. ಪಂಡಿತನನ್ನು ಗಡಿಪಾರು ಮಾಡಿ ಅಂದರು ಮಂತ್ರಿಗಳು. ರಾಜ ಒಪ್ಪಲಿಲ್ಲ. "ಪಕ್ಕದ ರಾಜ್ಯಕ್ಕೂ ಕಬ್ಬಿದೆ, ಅವರಿಗೆ ನಾವೇನು ಕೇಡು ಮಾಡಿದ್ದೇವೆ?" ಅಂದ. ಪಲ್ಲಕ್ಕಿ ಬಿಡಿಸಿ, ಹೊಂಬಾಳಮ್ಮನ ಗದ್ದೆಯಲ್ಲಿ ಕೆಲಸಕ್ಕೆ ಹಾಕಿದ. ಅವಳ ಗದ್ದೆಯ ಕರಿ ಮೊಟ್ಟೆಯ ಗರಿಗಳನ್ನು ಚೂರು ಚೂರಾಗಿ ಕತ್ತರಿಸಿ, ಸೀಮೆಯ ಗದ್ದೆಗಳಿಗೆಲ್ಲ ಕಟ್ಟಿ ಬರಬೇಕು. ಅಲ್ಲಿ ಕಡಜ ಹೊರಬಿದ್ದು ಬಿಳಿ ಮೊಟ್ಟೆ ಹುಡುಕಿಕೊಳ್ಳಲಿ. ಇದು ಅಪ್ಪಣೆ.

ಮೊದಲ ದಿನ ಪಂಡಿತ ಚೂರುಗಳನ್ನು ಗರಿಯ ಮೇಲ್ಗಡೆ, ಎಲ್ಲರಿಗೂ ಕಾಣುವ ಹಾಗೆ ಕಟ್ಟಿದ. ಇರುವೆ ಸಾಲುಗಟ್ಟಿ ಬಂದು ಮೊಟ್ಟೆ ಹೊತ್ತುಕೊಂಡು ಹೋದವು.

ಎರಡನೆಯ ಸಲ ನಡುಮಧ್ಯಾಹ್ನ ಕಟ್ಟಿದ. ಬಿಸಿಲಿಗೆ ಮೊಟ್ಟೆ ಸೀದು ಹೋದವು.

"ಗರಿ ಅಡಿಗೆ ಕಟ್ಟಿ ಅಯ್ನೋರೆ," ಅಂದಳು ಹೊಂಬಾಳಮ್ಮ. "ಬಿಸಿಲು ಇಳಿದ ಮೇಲೆ. ಬಾಳೆನಾರಲ್ಲಿ, ಸಡಿಲವಾಗಿ. ಕತ್ತು ಹಿಸುಕಬೇಡಿ."

"ಇದನ್ನು ಮೊದಲೇ ಯಾಕೆ ಹೇಳಲಿಲ್ಲ?"

"ನೀವು ಕೇಳ್ಲಿಲ್ಲ."

ಮೂರನೆಯ ಸಲ ಅಡಿಗೆ ಕಟ್ಟಿದ. ನೆರಳಲ್ಲಿ, ಬಾಳೆನಾರಲ್ಲಿ, ಸಡಿಲವಾಗಿ. ಹಾಗೆ ಕಟ್ಟಬೇಕಾದರೆ ಮಂಡಿ ಊರಿ ಬಗ್ಗಬೇಕಿತ್ತು. ವಾರದ ಮೇಲೆ ಆ ಗದ್ದೆಯ ಬಿಳಿ ಮೊಟ್ಟೆಗಳು ಒಂದೊಂದಾಗಿ ಕಪ್ಪಾಗತೊಡಗಿದವು. ಪಂಡಿತ ಕೆಸರಲ್ಲಿ ಮಂಡಿ ಊರಿಕೊಂಡೇ ಅದನ್ನು ನೋಡಿದ. ಯಾರೂ ಊಟಕ್ಕೆ ಕರೆಯಲಿಲ್ಲ. ಬಹಳ ಹೊತ್ತು ನೋಡಿದ.

ಮುಂದಿನ ವರ್ಷ ಹುಳ ಪೂರ್ತಿ ಹೋಗಲಿಲ್ಲ. ಪೂರ್ತಿ ಹೋಯಿತು ಅಂತ ಹೇಳುವ ಕಥೆಗಳಿವೆ, ಅವನ್ನು ನಂಬಬೇಡಿ. ಹತ್ತು ಸುಳಿ ಒಣಗುತ್ತಿದ್ದ ಕಡೆ ಒಂದೆರಡು ಒಣಗಿದವು. ಆಲೆಮನೆಗಳು ಮತ್ತೆ ಹೊಗೆಯಾಡಿದವು. ರಾಜನ ತಲೆನೋವು ಇಳಿಯಿತು. ಪಂಡಿತನಿಗೆ ಮಂಡಿನೋವು ಬಂತು, ಅದು ಇಳಿಯಲಿಲ್ಲ.

ಇದರ ನೀತಿ ಏನು ಅಂತ ಕೇಳಿದರೆ, ಇಷ್ಟು. ಊರಿನವರ ಮಾತನ್ನೆಲ್ಲ ಅನುಮಾನಿಸುವವನು ಮೊದಲು ತನ್ನ ಮಾತನ್ನು ಅನುಮಾನಿಸಬೇಕು. ಸುಡುವ ಮೊದಲು ತಿರುಗಿಸಿ ನೋಡಬೇಕು. ನೋಡಿದ ಮೇಲೆ ನೂಲು ಬದಲಿಸಬಾರದು.

ಗ್ರಂಥವನ್ನು ತಿದ್ದಿ ಬರೆಯಿರಿ ಅಂತ ರಾಜ ಹೇಳಿ ಕಳಿಸಿದ. ಅರಮನೆಯಿಂದ ಅರವತ್ತು ಹೊಸ ಓಲೆಗರಿ ಬಂದವು. ಕೋನೇರಿ ಪಂಡಿತ ಅದರಲ್ಲಿ ಒಂದನ್ನು ಮಾತ್ರ ಇಟ್ಟುಕೊಂಡು ಐವತ್ತೊಂಬತ್ತನ್ನು ಹಿಂದಕ್ಕೆ ಕಳಿಸಿದ. ಆ ಒಂದರ ಮೇಲೆ ಒಂದೇ ಸಾಲು ಬರೆದ.

ಕರಿ ಮೊಟ್ಟೆಯಲ್ಲಿ ಹುಳ ಇರುವುದಿಲ್ಲ.